ಏಳನೆಯ ಬಾಗಿಲು ತೆರೆಯುವುದಿಲ್ಲ

ಒಂದಾನೊಂದು ಊರು. ಏಳು ಸಲ ಹಾಳಾಗಿ ಎಂಟನೆಯ ಸಲ ಎದ್ದು ನಿಂತ ಊರು. ಬೇಸಿಗೆಯಲ್ಲಿ ಬೆಂಕಿ, ಚಳಿಗಾಲದಲ್ಲಿ ಹೊಗೆಮಂಜು, ಮಿಕ್ಕ ದಿನಗಳಲ್ಲಿ ಜಗಳ. ಆ ಊರಿನಲ್ಲಿ ಒಬ್ಬಳು ಹುಡುಗಿಯಿದ್ದಳು. ಅವಳ ಕೆಲಸ ಆಟ ಆಡುವುದು. ರಾಜಕುಮಾರಿಯರು ಹೂದೋಟದಲ್ಲಿ ಚೆಂಡಾಡುವ ಹಾಗಲ್ಲ, ಸಂಬಳಕ್ಕೆ ಆಡುವುದು. ಆಡಿ ಮುಗಿಸಿ, ಈ ಆಟಕ್ಕೆ ಹತ್ತಕ್ಕೆ ಇಷ್ಟು ಅಂಕ ಎಂದು ಬರೆಯುವುದು. ಅವಳು ಬರೆದದ್ದನ್ನು ನಂಬಿ ಜನ ಆಟ ಕೊಳ್ಳುತ್ತಿದ್ದರು. ಹೀಗಿರುವಾಗ ಒಂದು ದಿನ ಅವಳ ಹೆಸರಿನಲ್ಲಿ ಒಂದು ಸುಳ್ಳು ಅಚ್ಚಾಯಿತು. ಅದೆಂಥ ಸುಳ್ಳು ಅಂತೀರಿ! ಅದರಲ್ಲಿದ್ದ ಒಂದೊಂದು ಮಾತೂ ಅವಳದೇ, ಒಂದೊಂದು ಮಾತೂ ನಿಜವೇ. ಎಲ್ಲ ಸೇರಿದರೆ ಮಾತ್ರ ಶುದ್ಧ ಸುಳ್ಳು. ಅದು ಹೇಗಾಯಿತು, ಆ ಹುಡುಗಿ ಅದಕ್ಕೇನು ಮಾಡಿದಳು ಅನ್ನುವುದೇ ಕಥೆ. ಹೂಂ ಅನ್ನುವವರು ಅನ್ನುತ್ತಿರಿ.

ಹುಡುಗಿಯ ಹೆಸರು ವೈಜಯಂತಿ. ಅಪ್ಪ ಅಶ್ವತ್ಥನಾರಾಯಣ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಮನೆ ದಿಲ್ಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಮುನಿರ್ಕಾದ ಬಸ್ ಸ್ಟಾಪಿಗೆ ಹತ್ತು ನಿಮಿಷದ ನಡಿಗೆ. ಆಫೀಸು ನೆಹರು ಪ್ಲೇಸಿನ ಒಂದು ಕಟ್ಟಡದ ಆರನೆಯ ಮಹಡಿ. ಕೆಳಗೆ ಕಂಪ್ಯೂಟರ್ ಅಂಗಡಿಗಳ ಗದ್ದಲ, ಮೇಲೆ ಕಂಪ್ಯೂಟರ್ ಆಟಗಳ ಬಗ್ಗೆ ತಿಂಗಳಿಗೊಮ್ಮೆ ಹೊರಬರುವ ಒಂದು ಇಂಗ್ಲಿಷ್ ಪತ್ರಿಕೆ. ಇಸವಿ ಎರಡು ಸಾವಿರದ ಆರು.

ಆ ಪತ್ರಿಕೆಯಲ್ಲಿ ವಿಮರ್ಶೆ ಬರೆಯುವವರು ನಾಲ್ವರು. ಅವರಲ್ಲಿ ಮೂವರು ಆಟದ ಡಬ್ಬಿಯ ಬೆನ್ನು ಓದಿ, ಅರ್ಧ ಗಂಟೆ ಆಡಿ, 'ಗ್ರಾಫಿಕ್ಸ್ ಅದ್ಭುತ, ಸೌಂಡ್ ಅಮೋಘ' ಎಂದು ಬರೆದು ಚಹಾಕ್ಕೆ ಇಳಿದುಬಿಡುತ್ತಿದ್ದರು. ವೈಜಯಂತಿ ಒಬ್ಬಳೇ ಪ್ರತಿ ಆಟವನ್ನೂ ಕೊನೆಮುಟ್ಟ ಆಡುವವಳು. ಹಿಮದ ಬೆಟ್ಟದ ಮೇಲೆ ಹೋರಾಡುವ ಹೆಣ್ಣಿಗೆ ಒಂದು ಸ್ವೆಟರ್ ಕೂಡ ಕೊಡದ ಆಟಕ್ಕೆ ಅವಳು ಮೂರು ಅಂಕ ಕೊಟ್ಟಿದ್ದಳು. ಶತ್ರು ಸೈನಿಕರೆಲ್ಲ ಬೆನ್ನು ತಿರುಗಿಸಿ ಗುಂಡಿಗೆ ಕಾಯುತ್ತ ನಿಂತಿರುವ ಯುದ್ಧದ ಆಟಕ್ಕೆ ನಾಲ್ಕು. ಮುಗಿಸದ ಆಟಕ್ಕೆ ಮಾತ್ರ ಯಾವತ್ತೂ ಅಂಕ ಕೊಟ್ಟವಳಲ್ಲ.

ಈ ಹಟ ಅವಳಿಗೆ ಬಂದದ್ದು ಅಜ್ಜಿಯಿಂದ. ಅಜ್ಜಿ ಇಂದಿರಮ್ಮನ ಕಥೆಗೆ ಎರಡು ಕಟ್ಟಳೆ. ಕೇಳುವವರು ಹೂಂಗುಟ್ಟಬೇಕು; ಹೂಂ ನಿಂತರೆ ಕಥೆಯೂ ನಿಂತಿತು. ಹೇಳುವವರಿಗೂ ಬಿಡುಗಡೆಯಿಲ್ಲ. ನಡುವೆ ಹಾಲು ಉಕ್ಕಿತೆಂದೋ ಯಾರೋ ಬಾಗಿಲು ಬಡಿದರೆಂದೋ ಏಳಬೇಕಾದರೆ, ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡೇ ಏಳಬೇಕು. ಕಥೆ ಮುಗಿಯುವ ತನಕ ಆ ಗಂಟು ಬಿಚ್ಚುವ ಹಾಗಿಲ್ಲ. ಅಜ್ಜಿಯ ಸೀರೆಗಳು ಗಂಟಿನ ಸಮೇತ ಒಗೆತಕ್ಕೆ ಬಿದ್ದು, ಗಂಟಿನ ಸಮೇತ ಒಣಗಿ, ಗಂಟಿನ ಸಮೇತ ಮಡಿಕೆಯಾದದ್ದುಂಟು.

ಆ ವರ್ಷದ ಬೇಸಿಗೆಯಲ್ಲಿ ಗುರ್‌ಗಾಂವ್‌ನ ಒಂದು ಕಂಪನಿ 'ಸಾತ್ ದರ್ವಾಜೆ' ಎಂಬ ಆಟವನ್ನು ಹೊರತಂದಿತು. ಒಂದು ಹಳೆಯ ಮೆಟ್ಟಿಲುಬಾವಿ; ಅದರ ತಳದಲ್ಲಿ ಸೆರೆಯಾದ ರಾಣಿ; ಇಳಿಯುವ ದಾರಿಯಲ್ಲಿ ಏಳು ಬಾಗಿಲು. ನಮ್ಮ ದೇಶದಲ್ಲಿ ಹುಟ್ಟಿದ ಇಷ್ಟು ದೊಡ್ಡ ಆಟ ಇದೇ ಮೊದಲು ಎಂದು ನೆಹರು ಪ್ಲೇಸಿನ ಕಂಬಕಂಬಕ್ಕೂ ಪೋಸ್ಟರು ಅಂಟಿತು.

ವೈಜಯಂತಿ ಆ ಆಟವನ್ನು ಮನೆಯ ಕಂಪ್ಯೂಟರಿನಲ್ಲಿ ನಾಲ್ಕು ದಿನ ಆಡಿದಳು. ಹಿಂದೆ ಬೆತ್ತದ ಕುರ್ಚಿಯಲ್ಲಿ ಅಜ್ಜಿ. ಈಗ ಹೇಳುವವಳು ಮೊಮ್ಮಗಳು, ಹೂಂಗುಟ್ಟುವವಳು ಅಜ್ಜಿ.

"ಈಗ ಎಷ್ಟನೇ ಬಾಗಿಲೇ?"

"ನಾಲ್ಕು ಅಜ್ಜಿ. ನೀರು ಏರ್ತಾ ಇದೆ. ದೀಪ ಆರೋದರೊಳಗೆ ದಾಟಬೇಕು."

"ಹೂಂ. ಬಾವಲಿ ಬಂತು ನೋಡು, ಬಾವಲಿ! ಬಗ್ಗು!"

ಚೆನ್ನಾಗಿತ್ತು ಆಟ, ಸುಳ್ಳು ಹೇಳಬಾರದು. ಒದ್ದೆ ಕಲ್ಲಿನ ಮೇಲೆ ದೀಪದ ಬೆಳಕು ನಡುಗುವುದು, ಎಲ್ಲೋ ತಳದಲ್ಲಿ ರಾಣಿಯ ಬಳೆಯ ಸದ್ದು ಕೇಳುವುದು, ನೋಡನೋಡುತ್ತ ವೈಜಯಂತಿಗೆ ಕಣ್ಣು ತೆರೆದೇ ಕನಸು ಬೀಳುತ್ತಿತ್ತು. ಇಪ್ಪತ್ತೆರಡು ಗಂಟೆ ಆಡಿ ಏಳನೆಯ ಬಾಗಿಲಿಗೆ ಬಂದಳು. ಕೀಲಿ ಹಾಕಿದಳು. ತಿರುಗಿಸಿದಳು. ತೆರೆ ಕಪ್ಪಾಯಿತು. ಆಟ ಮುಚ್ಚಿಕೊಂಡು, ಕಂಪ್ಯೂಟರಿನ ಹಸಿರು ಗುಡ್ಡದ ಚಿತ್ರ ಏನೂ ಆಗದವರ ಹಾಗೆ ಎದುರಿಗೆ ಬಂದು ನಿಂತಿತು. ಅಷ್ಟೇ ಅಲ್ಲ, ಅಲ್ಲಿಯ ತನಕ ಆಡಿ ಉಳಿಸಿಟ್ಟದ್ದೆಲ್ಲ ಅಳಿಸಿಹೋಗಿತ್ತು. ಆರನೆಯ ಬಾಗಿಲು ದಾಟಿದಾಗ ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡಿದ್ದಳು. ಅದರಿಂದ ಮತ್ತೆರಡು ಸಲ ಹೋದಳು. ಮತ್ತೆರಡು ಸಲವೂ ಹಸಿರು ಗುಡ್ಡ.

"ರಾಣಿ ಎಲ್ಲೇ?" ಎಂದಳು ಅಜ್ಜಿ.

ವೈಜಯಂತಿ ಗುರ್‌ಗಾಂವ್‌ಗೆ ಫೋನ್ ಮಾಡಿದಳು. ಕಂಪನಿಯವನು ನಗುತ್ತಲೇ ಹೇಳಿದ: "ಏಳನೇ ಕೋಣೆ ಟೈಮಿಗೆ ಮುಗೀಲಿಲ್ಲ ಮೇಡಂ. ಬಾಗಿಲಾಚೆ ಸದ್ಯಕ್ಕೆ ಏನೂ ಇಲ್ಲ. ಮುಂದೆ ನೋಡೋಣ. ಅಷ್ಟು ದೂರ ಯಾರು ಬರ್ತಾರೆ ಹೇಳಿ?"

ಅಷ್ಟು ದೂರ ಯಾರು ಬರ್ತಾರೆ! ಫೋನ್ ಇಟ್ಟ ಮೇಲೂ ಆ ನಗು ಅವಳ ಕಿವಿಯಲ್ಲಿ ಸೀದ ಒಗ್ಗರಣೆಯಂತೆ ಘಾಟು ಎಬ್ಬಿಸುತ್ತಿತ್ತು. ಅಜ್ಜಿ ಸೆರಗಿನ ತುದಿ ಎಳೆದುಕೊಂಡು ಒಂದು ಗಂಟು ಹಾಕಿದಳು.

ವೈಜಯಂತಿ ವಿಮರ್ಶೆ ಬರೆದಳು. ಬರೆಯುವಾಗ ಅವಳ ಕ್ರಮವೇ ಬೇರೆ. ಮೊದಲು ಕನ್ನಡದಲ್ಲಿ ಅಜ್ಜಿಗೆ ಹೇಳುವಂತೆ ಬರೆದುಕೊಂಡು, ಅಜ್ಜಿ ಹೂಂ ಅಂದ ಮೇಲೆ ಇಂಗ್ಲಿಷಿಗೆ ತರುವುದು. ಅಜ್ಜಿಯ ಕಥೆಯಲ್ಲಿ ಎಲ್ಲ ಚಂದವೂ ಮೊದಲು ಬರುತ್ತದೆ. ಅರಮನೆ, ತೋಟ, ಕೊಳ, ಕುದುರೆ. ರಾಕ್ಷಸ ಬರುವುದು ಕೊನೆಗೆ. ಇವಳೂ ಹಾಗೇ ಬರೆದಳು. ನಾಲ್ಕು ಪ್ಯಾರಾ ಬಾವಿಯ ಬೆಳಕು, ಬಳೆಯ ಸದ್ದು. ಐದನೆಯದು 'ಆದರೆ' ಎಂದು ಶುರುವಾಗಿ, ಆರನೆಯದು ಕಂಪನಿಯವನ ನಗುವಿನಲ್ಲಿ ಮುಗಿಯುತ್ತಿತ್ತು. ಅಂಕ, ಹತ್ತಕ್ಕೆ ಎರಡು.

ಮೊದಲನೆಯ ತಾರೀಕು ಸಂಚಿಕೆ ಬಂತು. ಆಫೀಸಿನ ಮೇಜಿನ ಮೇಲೆ ಹರಡಿಕೊಂಡು ನೋಡಿದಳು. ಹತ್ತಕ್ಕೆ ಒಂಬತ್ತು! ಕೆಳಗೆ ನಾಲ್ಕೇ ಪ್ಯಾರಾ. ಕೊನೆಯ ಸಾಲು ಹೀಗಿತ್ತು: 'ಏಳನೆಯ ಬಾಗಿಲ ಮುಂದೆ ನಿಂತಾಗ, ಇಷ್ಟು ದಿನ ಆಡಿದ್ದು ಈ ಒಂದು ಗಳಿಗೆಗಾಗಿ ಅನ್ನಿಸುತ್ತದೆ.' ಅದರ ಕೆಳಗೆ ಅವಳ ಹೆಸರು. ಹೆಸರಿನ ಕೆಳಗೆ, ಅರ್ಧ ಪುಟ ತುಂಬ, ಅದೇ ಆಟದ ಜಾಹೀರಾತು.

ಅವಳು ಮೊದಲು ಹೋದದ್ದು ಅಭಿಷೇಕನ ಹತ್ತಿರ. ಪುಟ ಜೋಡಿಸುವವನು ಅವನೇ. ಅಪ್ಪ ಅಮ್ಮ ದಾವಣಗೆರೆಯವರು, ಇವನು ಹುಟ್ಟಿ ಬೆಳೆದದ್ದು ದಿಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಮಾತ್ರ ಕಷ್ಟ.

"ಏನೋ ಇದು ಅಭಿಷೇಕ್? ನನ್ನ ಎರಡು ಪ್ಯಾರಾ ಎಲ್ಲಿ ಹೋಯ್ತು?"

"ಯಾರ್, ಆಡ್ ಲಾಸ್ಟ್ ಮಿನಿಟಲ್ಲಿ ದೊಡ್ಡದಾಯ್ತು. ಸರ್ ಬೋಲೇ, ನೀಚೇ ಸೇ ಕಾಟೋ. ಕೆಳಗಿಂದ ಕಟ್ ಮಾಡ್ದೆ. ಎಲ್ಲರದ್ದೂ ಹಂಗೇ ಮಾಡೋದು ನಾ."

"ಓದಿ ಕತ್ತರಿಸಿದೆಯಾ?"

"ಪೇಜ್ ಮಾಡೋನು ಓದ್ತಾನಾ? ಜಾಗ ಅಳೀತೀನಿ."

ಸಂಪಾದಕ ಸೆಹಗಲ್ ತನ್ನ ಗಾಜಿನ ಕೋಣೆಯಲ್ಲಿ ಸಮೋಸ ತಿನ್ನುತ್ತಿದ್ದ. ಐವತ್ತರ ಆಸುಪಾಸು, ಕೂದಲಿಗೆ ಮೆಹಂದಿಯ ಬಣ್ಣ. ವೈಜಯಂತಿ ಬಾಗಿಲು ತಟ್ಟದೆ ಒಳಗೆ ಹೋಗಿ ಪತ್ರಿಕೆಯನ್ನು ಸಮೋಸದ ಪಕ್ಕಕ್ಕೇ ಇಟ್ಟಳು.

"ನಾನು ಎರಡು ಕೊಟ್ಟಿದ್ದೆ ಸರ್."

"ಅರೇ ಬೇಟಾ, ಕೂತ್ಕೋ," ಎಂದ ಸೆಹಗಲ್ ಹಿಂದಿಯಲ್ಲಿ. "ನಾನು ಒಂದೇ ಒಂದು ಶಬ್ದ ಸೇರಿಸಿದ್ದೀನಾ? ತೋರಿಸು. ಅಷ್ಟೂ ನಿನ್ನದೇ. ಆ ನಾಲ್ಕು ಪ್ಯಾರಾ ಓದಿ ಎರಡು ಅಂಕ ಅಂದರೆ ಜನ ನಗಲ್ವಾ? ಒಂಬತ್ತೇ ಕೇಳುತ್ತೆ ಅದು. ಮೊದಲ ಸಲ ನಮ್ಮ ಹುಡುಗರು ಒಂದು ದೇಸಿ ಆಟ ಮಾಡಿದ್ದಾರೆ, ಸ್ವಲ್ಪ ಬೆನ್ನು ತಟ್ಟೋಣ."

"ಬೆನ್ನು ತಟ್ಟಿ. ನನ್ನ ಕೈಯಲ್ಲಿ ಯಾಕೆ ತಟ್ಟಿಸ್ತೀರಿ?"

"ಗುಸ್ಸಾ ಮತ್ ಕರೋ, ಸಿಟ್ಟು ಬೇಡ. ಸಮೋಸ ತಗೋ."

ಸಮೋಸವನ್ನು ಅವನ ಮುಖಕ್ಕೆ ಎಸೆಯಬೇಕೆಂಬ ಆಸೆ ಬೆರಳ ತುದಿಗೆ ಬಂದು ನಿಂತಿತು. ಎಸೆಯಲಿಲ್ಲ. ಎಸೆಯದೆ ಬಂದದ್ದಕ್ಕೆ ಬಸ್ಸಿನುದ್ದಕ್ಕೂ ತನ್ನ ಮೇಲೆಯೇ ಉರಿದುಕೊಂಡಳು. ಬ್ಲೂಲೈನ್ ಬಸ್ಸು ತುಂಬಿ ತುಳುಕುತ್ತಿತ್ತು. ಯಾವನೋ ಕಾಲು ತುಳಿದ. "ಕಣ್ಣು ಕಾಣಲ್ವಾ!" ಎಂದು ಕನ್ನಡದಲ್ಲೇ ಗದರಿದಳು, ಅವನಿಗೆ ಭಾಷೆ ತಿಳಿಯದಿದ್ದರೂ ಎರಡು ಹೆಜ್ಜೆ ಹಿಂದೆ ಸರಿದ.

ಮನೆಯಲ್ಲಿ ಅಜ್ಜಿ ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು ಹೇಳಿದಳು: "ತಪ್ಪು ಅವನದು ಸರಿ ಕಣೇ. ಆದ್ರೆ ನೀನು ನನ್ನ ಹಾಗೆ ಹೇಳಿದೆಯಲ್ಲ, ಅದು ನಿನ್ನ ತಪ್ಪು. ನನ್ನ ಕಥೆಗೆ ಕತ್ತರಿ ಹಿಡಿದು ಕೂತೋರು ಯಾರಿದ್ರು? ರಾಕ್ಷಸ ಬರೋಕ್ಕೆ ಮುಂಚೆ ಕಥೆ ಕತ್ತರಿಸಿದ್ರೆ, ಎಲ್ಲ ಕಥೆಯಲ್ಲೂ ಬರೀ ತೋಟವೇ."

ಮಾತು ಚುಚ್ಚಿತು, ನಿಜವಾದ್ದರಿಂದ ಇನ್ನೂ ಆಳಕ್ಕೆ ಚುಚ್ಚಿತು.

ತಿಂಗಳ ಕೊನೆಯ ವಾರ ಆಫೀಸಿಗೆ ಒಂದು ಫೋನ್ ಬಂತು. ಅಭಿಷೇಕ ಎತ್ತಿ, ರಿಸೀವರಿನ ಮೇಲೆ ಕೈಯಿಟ್ಟು, "ತೇರೇ ಲಿಯೇ ಹೈ, ನಿನಗೇ. ಯಾರೋ ಫೌಜಿ, ಮಿಲಿಟರಿಯೋರು. ಕನ್ನಡ ಮಾತಾಡ್ತಾ ಇದ್ದಾರೆ," ಎಂದ.

"ವೈಜಯಂತಿ ಅಶ್ವತ್ಥನಾರಾಯಣ ಅಂದ್ರೆ ನಮ್ಮ ಕಡೆಯೋರೇ ಇರಬೇಕು ಅಂತ ಕನ್ನಡದಲ್ಲೇ ಶುರು ಮಾಡಿದೆ," ಎಂದಿತು ದಪ್ಪ ಧ್ವನಿ. "ನಾನು ಸುಬೇದಾರ್ ಮಾಚಯ್ಯ. ಕೊಡಗಿನವನು. ರಿಟೈರಾಗಿ ಇಲ್ಲಿ ಮಿಲಿಟರಿ ಕ್ಯಾಂಟ್‌ನಲ್ಲಿ ಮಗಳ ಜೊತೆ ಇದ್ದೇನೆ. ಒಂದೇ ಪ್ರಶ್ನೆ ಅಮ್ಮಾ. ಏಳನೇ ಬಾಗಿಲಿಗೆ ಕೀ ಎಷ್ಟು ಬೇಗ ತಿರುಗಿಸಬೇಕು?"

ವೈಜಯಂತಿ ಕುರ್ಚಿ ಎಳೆದುಕೊಂಡು ಕೂತಳು.

"ಹನ್ನೊಂದು ಸಲ ಹೋದೆ," ಎಂದರು ಮಾಚಯ್ಯ. "ಪ್ರತಿ ಸಲ ಮೊದಲಿಂದ. ಬೆಳಗ್ಗೆ ತಿಂಡಿ ಆದ ಮೇಲೆ ಕೂತ್ರೆ ಕತ್ತಲಾಗುವ ತನಕ. ಆರು ಬಾಗಿಲು ಈಗ ಕಣ್ಣು ಮುಚ್ಚಿ ತೆಗೀತೇನೆ. ಏಳನೇದಕ್ಕೆ ಬಂದ ಕೂಡ್ಲೆ ನನ್ನ ಕೈ ಸೋಲ್ತದೆ. ಆಟವೇ ಬಂದ್. ಬಲಗೈ ನನ್ನದು ಸರಿ ಇಲ್ಲ. ಬೆಟ್ಟದ ಮೇಲೆ ಗಾಡಿ ಮಗುಚಿ ಮೂರು ಬೆರಳು ಹೋಗಿತ್ತು, ಡಾಕ್ಟ್ರು ಹೊಲಿದು ಕೂರಿಸಿದ್ರು. ಮಗಳು ಮೋನಿಷಾ ಆಸ್ಪತ್ರೆಯಲ್ಲಿ ನರ್ಸ್. ಬೆರಳು ಓಡಲಿ ಅಂತ ಅವಳೇ ಈ ಕಂಪ್ಯೂಟರ್ ಹಾಕಿಸಿದ್ದು. ನಿಮ್ಮ ಒಂಬತ್ತು ನೋಡಿ ಆಟ ತಂದಿದ್ದು. ಈಗ ಗೊತ್ತಾಯ್ತು, ಈ ಕೈ ಇಷ್ಟೇ. ವ್ಯಾಯಾಮ ಎಲ್ಲ ನಾಳೆಯಿಂದ ಬಂದ್ ಅಂತ ಅವಳಿಗೆ ಹೇಳಿದ್ದೇನೆ. ಅದಕ್ಕೆ ಮುಂಚೆ ಒಮ್ಮೆ ಕೇಳಿಬಿಡೋಣ ಅಂತ."

"ಅಂಕಲ್, ಅದು ನಿಮ್ಮ ಕೈ ಅಲ್ಲ," ಎಂದಳು ವೈಜಯಂತಿ. "ಆ ಬಾಗಿಲು ಯಾರಿಗೂ ತೆರೆಯಲ್ಲ. ಅದರಾಚೆ ಅವರು ಏನೂ ಕಟ್ಟಿಲ್ಲ."

ಆ ಕಡೆ ಪುಟ ಮಗುಚಿದ ಸದ್ದಾಯಿತು.

"ಸಮಾಧಾನ ಮಾಡ್ಬೇಡಿ ಅಮ್ಮಾ. ಆಸ್ಪತ್ರೆಯಲ್ಲಿ ಒಂದು ವರ್ಷ ಸಮಾಧಾನ ಕೇಳಿದ್ದೇನೆ. ನಿಮ್ಮ ಪುಸ್ತಕ ನನ್ನ ಎದುರಿಗೇ ಇದೆ. ಒಂಬತ್ತು ಅಂತ ಇದೆ. ಏಳನೇ ಬಾಗಿಲ ಮುಂದೆ ನಿಂತು ನಿಮಗೆ ಏನೇನೋ ಆಯ್ತು ಅಂತ ಬರೆದಿದ್ದೀರಿ. ಈಗ ಬಾಯಲ್ಲಿ ಬೇರೆ ಹೇಳ್ತೀರಿ. ಎರಡರಲ್ಲಿ ಯಾವುದು ನಿಮ್ಮ ಮಾತು?"

"ಈಗ ಹೇಳ್ತಾ ಇರೋದು!"

"ಹಾಗಾದ್ರೆ ಕಾಗದದಲ್ಲಿ ಬರಲಿ. ಇಪ್ಪತ್ತೆಂಟು ವರ್ಷ ನಾನು ಕಾಗದದಲ್ಲಿ ಬಂದ ಆರ್ಡರಿಗೆ ಮಾತ್ರ ಸೆಲ್ಯೂಟ್ ಹೊಡೆದವನು. ಬಾಯಿಮಾತಿಗಲ್ಲ."

"ಬರುತ್ತೆ. ಮುಂದಿನ ಸಂಚಿಕೆಯಲ್ಲಿ ಅಚ್ಚಾಗಿ ಬರುತ್ತೆ, ನಾನೇ ತಂದು ನಿಮ್ಮ ಕೈಗೆ ಕೊಡ್ತೀನಿ. ನಾನು ಮಾತು ಕೊಡ್ತಾ ಇದ್ದೀನಿ ಅಂಕಲ್. ಅಲ್ಲೀತನಕ ವ್ಯಾಯಾಮ ಬಿಡಬೇಡಿ."

"ಮುಂದಿನ ಸಂಚಿಕೆ ತನಕ ಮಾಡ್ತೇನೆ," ಎಂದರು ಮಾಚಯ್ಯ. "ಅದರ ಮೇಲೆ ಒಂದು ದಿನ ಜಾಸ್ತಿ ಇಲ್ಲ."

ಫೋನ್ ಇಟ್ಟ ಮೇಲೆ ವೈಜಯಂತಿಗೆ ಅಳು ಬರಬೇಕಿತ್ತು. ಬಂದದ್ದು ಅಳುವಲ್ಲ, ಉರಿ. ಹನ್ನೊಂದು ಸಲ! ಹೊಲಿದ ಬೆರಳಿನಲ್ಲಿ ಆರು ಬಾಗಿಲು ತೆಗೆದ ಮನುಷ್ಯ ತನ್ನ ಕೈಯನ್ನು ಬೈದುಕೊಳ್ಳುತ್ತಿದ್ದಾನೆ. ಬಾಗಿಲಾಚೆ ಏನೂ ಕಟ್ಟದವನು ನಗುತ್ತಿದ್ದಾನೆ. ಇಬ್ಬರ ನಡುವೆ ತನ್ನ ಹೆಸರು, ದೊಡ್ಡ ಅಕ್ಷರದಲ್ಲಿ.

ಆಗಲೇ ಸೆಹಗಲ್ ಒಂದು ಹಿಡಿ ಕಾಗದ ಹಿಡಿದುಕೊಂಡು ಕೋಣೆಯಿಂದ ಹೊರಬಂದ. "ನಲವತ್ತು ಪತ್ರ! ಎಲ್ಲರೂ ಕೇಳ್ತಾ ಇರೋದು ಒಂದೇ, ಏಳನೇ ಬಾಗಿಲು ತೆರೆಯೋದು ಹೇಗೆ. ನೋಡಿದ್ಯಾ ಬೇಟಾ, ಹೇಗೆ ಹಿಟ್ ಆಗಿದೆ? ಎರಡು ಪುಟದ ದಾರಿತೋರಿಸೋ ಲೇಖನ ಬರೆದುಕೊಡು. ಮೊದಲ ಬಾಗಿಲಿಂದ ಏಳನೇ ಬಾಗಿಲ ತನಕ ಒಂದೊಂದೇ ಹೆಜ್ಜೆ. ಜನ ಖುಷಿಯಾಗ್ತಾರೆ."

ಆ ನಲವತ್ತು ಪತ್ರಗಳನ್ನು ವೈಜಯಂತಿ ಒಂದೊಂದಾಗಿ ಓದಿದಳು. 'ನನ್ನ ತಪ್ಪು ಎಲ್ಲಿ?', 'ನನ್ನ ಕಂಪ್ಯೂಟರ್ ಹಳೆಯದು, ಅದಕ್ಕೇ ಇರಬಹುದೇ?', 'ಮುಖರ್ಜಿ ನಗರದಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದೇನೆ, ಇದೊಂದು ಬಾಗಿಲು ತೆರೆಯದ ನಾನು ಆ ಪರೀಕ್ಷೆ ಏನು ಪಾಸಾಗುತ್ತೇನೆ?' ಒಬ್ಬನಾದರೂ ಆಟವನ್ನು ಬೈದಿರಲಿಲ್ಲ. ಎಲ್ಲರೂ ತಮ್ಮನ್ನೇ ಬೈದುಕೊಂಡಿದ್ದರು.

"ಬರೀತೀನಿ ಸರ್," ಎಂದಳು. ಅವಳು ಅಷ್ಟು ಬೇಗ ಒಪ್ಪಿದ್ದು ಕಂಡು ಅಭಿಷೇಕ ಕೀಬೋರ್ಡಿನಿಂದ ತಲೆಯೆತ್ತಿದ.

ಮರುದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿಯ ಎದುರು ಕೂತು ಓದಿದಳು. "'ಏಳನೆಯ ಬಾಗಿಲು ತೆರೆಯುವುದಿಲ್ಲ. ನಿಮಗೂ ಇಲ್ಲ, ಯಾರಿಗೂ ಇಲ್ಲ. ಅದರಾಚೆ ರಾಣಿಯಿಲ್ಲ, ಕೋಣೆಯಿಲ್ಲ. ಆಟ ಕಟ್ಟಿದವರು ಅದನ್ನು ಕಟ್ಟದೆಯೇ ಮಾರಿದ್ದಾರೆ.'"

ಅಜ್ಜಿ ಹೂಂ ಅನ್ನಲಿಲ್ಲ. "ಇದೇನೇ, ಬಾಯಿ ತೆರೆಯುತ್ತಲೇ ರಾಕ್ಷಸನ್ನ ಕೊಂದುಬಿಟ್ಟೆ? ಇನ್ನು ಕೇಳೋರು ಯಾಕೆ ಕೂತ್ಕೋತಾರೆ? ಕಥೆ ಕೆಟ್ಟುಹೋಯ್ತಲ್ಲೇ."

"ಕೆಡಲಿ ಅಜ್ಜಿ! ಇಷ್ಟು ವರ್ಷ ಚಂದವಾಗಿ ಹೇಳಬೇಕು ಅಂತ ಒದ್ದಾಡಿದ್ದು ಸಾಕು. ಇದು ಕಥೆ ಅಲ್ಲ. ಇದನ್ನ ಎಲ್ಲಿ ಕತ್ತರಿಸಿದರೂ ನಿಜವೇ ಉಳಿಯಬೇಕು. ಪ್ರತಿ ಪ್ಯಾರಾದಲ್ಲೂ ಆ ಬಾಗಿಲು ಬರುತ್ತೆ, ನೋಡ್ತಾ ಇರು."

ಅಜ್ಜಿ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು. "ಓದು ಹಾಗಾದ್ರೆ," ಎಂದಳು. ಆಮೇಲೆ ಕೊನೆಯ ತನಕ ಹೂಂಗುಟ್ಟಿದಳು.

ಸೋಮವಾರ ಸೆಹಗಲ್ ಮೊದಲ ಸಾಲು ಓದಿದ. ಅವನು ಯಾರ ಲೇಖನದಲ್ಲೂ ಓದುವುದು ಮೊದಲ ಸಾಲನ್ನೇ. ಗಾಜಿನ ಕೋಣೆಯಿಂದ ಅವನ ಕೂಗು ಚಹಾದವನ ತನಕ ಕೇಳಿಸಿತು.

"ಇದೇನು ಬಕ್ವಾಸ್! ಹೋದ ತಿಂಗಳು ಒಂಬತ್ತು ಕೊಟ್ಟು ಈ ತಿಂಗಳು ಬಾಗಿಲೇ ತೆರೆಯಲ್ಲ ಅಂದ್ರೆ ಪತ್ರಿಕೆಯ ಮರ್ಯಾದೆ ಏನಾಗಬೇಕು?"

"ಒಂಬತ್ತು ಕೊಟ್ಟದ್ದು ನಾನಲ್ಲ."

"ನಿನಗೆ ಆಡೋಕೆ ಬಂದಿಲ್ಲ ಅಷ್ಟೇ. ಹುಡುಗಿಯರಿಗೆ ಈ ಕೀಲಿ ತಿರುಗಿಸೋ ಕೆಲಸ..."

"ಸರ್," ಎಂದಳು ವೈಜಯಂತಿ. ಇಷ್ಟು ಹೊತ್ತು ಕುದಿಯುತ್ತಿದ್ದದ್ದು ಈಗ ತಣ್ಣಗೆ, ಗಟ್ಟಿಯಾಗಿ ಹೊರಬಂತು. "ನೀವು ಆಡಿದ್ದೀರಾ?"

"ನಾನಾ? ಕನಾಟ್ ಪ್ಲೇಸಿನ ವಿಡಿಯೋ ಪಾರ್ಲರಿನಲ್ಲಿ ನನ್ನನ್ನ ಸೋಲಿಸೋರೇ ಇರಲಿಲ್ಲ! ಆಗ ನೀನು ಹುಟ್ಟಿರಲಿಲ್ಲ."

"ಹಾಗಾದರೆ ತೆಗೆಯಿರಿ." ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟಳು. "ಆರು ಬಾಗಿಲು ನಾನು ತೆಗೆದಿದ್ದೀನಿ. ಒಂದೇ ಬಾಕಿ. ಹೊರಗೆ ಬನ್ನಿ, ಎಲ್ಲರ ಎದುರಿಗೆ ತೆಗೆಯಿರಿ. ತೆರೆದರೆ ಹತ್ತಕ್ಕೆ ಹತ್ತು ಅಂತ ಬರೀತೀನಿ, ಕೆಳಗೆ ರಾಜೀನಾಮೆನೂ ಬರೀತೀನಿ."

ಗಾಜಿನ ಕೋಣೆ ಅದು. ಹೊರಗಿನವರೆಲ್ಲ ಆಗಲೇ ಇತ್ತ ತಿರುಗಿದ್ದರು. ಪಾರ್ಲರಿನ ಮಾತು ಬಾಯಿಂದ ಜಾರಿದ್ದರಿಂದ ಸೆಹಗಲ್‌ಗೆ ಹಿಂದೆ ಸರಿಯಲು ದಾರಿಯಿರಲಿಲ್ಲ. ತೋಳು ಮಡಚಿಕೊಂಡು ಬಂದು ಅಭಿಷೇಕನ ಕಂಪ್ಯೂಟರಿನ ಮುಂದೆ ಕೂತ. ಸುತ್ತ ಜನ ಮುತ್ತಿದರು. ಡಬ್ಬಿಯ ಬೆನ್ನು ಓದಿ ಬರೆಯುವ ಮೂವರೂ ಬಂದರು.

ಬಾವಿಯ ತಳ. ಒದ್ದೆ ಕಲ್ಲು. ಬಳೆಯ ಸದ್ದು. ಸೆಹಗಲ್ ಕೀಲಿ ತಿರುಗಿಸಿದ. ಕಪ್ಪು, ಆಮೇಲೆ ಹಸಿರು ಗುಡ್ಡ.

"ಮುಝ್ ಸೇ ಕುಛ್ ಗಲತ್ ದಬ್ ಗಯಾ," ಎಂದ. ನಾನೇ ಏನೋ ತಪ್ಪು ಒತ್ತಿದೆ ಅನ್ನುವ ಮಾತು.

ವೈಜಯಂತಿ ಪೆನ್ ಡ್ರೈವಿನಿಂದ ಮತ್ತೆ ಹಾಕಿಕೊಟ್ಟಳು. ಎರಡನೆಯ ಸಲ ಮೆಲ್ಲಗೆ ತಿರುಗಿಸಿದ, ಹಸಿರು ಗುಡ್ಡ. ಮೂರನೆಯ ಸಲ ಮೌಸನ್ನು ಅಂಗಿಯ ತುದಿಯಿಂದ ಒರೆಸಿ, ಉಸಿರು ಬಿಗಿಹಿಡಿದು ತಿರುಗಿಸಿದ. ಹಸಿರು ಗುಡ್ಡ. ಆಗ ಸೆಹಗಲ್ ತನ್ನ ಬಲಗೈಯನ್ನು ಮೇಲೆತ್ತಿ ಬೆರಳುಗಳನ್ನು ನೋಡಿಕೊಂಡ. "ವಯಸ್ಸಾಯ್ತು, ಕೈ ಮೊದಲಿನ ಹಾಗಿಲ್ಲ," ಎಂದು ಗೊಣಗಿದ.

ಅದನ್ನು ಕೇಳಿದ್ದೇ ತಡ, ವೈಜಯಂತಿಯ ಸಿಟ್ಟು ಕಟ್ಟೆಯೊಡೆಯಿತು. "ಕೈ! ಇದೇ ಮಾತನ್ನ ಕ್ಯಾಂಟ್‌ನಲ್ಲಿ ಒಬ್ಬರು ಹನ್ನೊಂದು ಸಲ ಹೇಳ್ಕೊಂಡಿದ್ದಾರೆ ಸರ್. ನಿಮಗೆ ಮೂರೇ ಸಲಕ್ಕೆ ನಿಮ್ಮ ಕೈ ಮೇಲೆ ಅನುಮಾನ ಬಂತು. ಅವರದು ಹೊಲಿದ ಕೈ. ನಾವು ಬರೆದದ್ದನ್ನ ನಂಬಿ ಆ ಕೈನೇ ಬಿಟ್ಟುಬಿಡೋಕೆ ಹೊರಟಿದ್ದಾರೆ. ಇಲ್ಲಿ ನಲವತ್ತು ಪತ್ರ ಇದೆ, ಒಂದನ್ನ ಓದಿ! ಅಷ್ಟು ದೂರ ಯಾರು ಬರ್ತಾರೆ ಅಂತ ಆ ಕಂಪನಿಯವನು ನಕ್ಕ. ಇವರೆಲ್ಲ ಬಂದಿದ್ದಾರೆ ಸರ್. ಬರದೇ ಇದ್ದದ್ದು ನಾವು, ಅಂಕ ಹಾಕೋರು."

ಡಬ್ಬಿ ಓದುವ ಮೂವರಲ್ಲಿ ಒಬ್ಬ ತನ್ನ ಚಪ್ಪಲಿ ನೋಡಿಕೊಂಡ.

ಸೆಹಗಲ್ ಎದ್ದು ನಿಂತ. ಪಶ್ಚಾತ್ತಾಪವೇನೂ ಮುಖದಲ್ಲಿರಲಿಲ್ಲ, ಸೋತವನ ಸಿಡುಕಿತ್ತು. "ಹಾಕು," ಎಂದ ಅಭಿಷೇಕನಿಗೆ. "ಅಂಕ ಮಾತ್ರ ಬದಲಾಯಿಸಲ್ಲ. ಹೋದ ತಿಂಗಳದು ಹೋಯ್ತು."

"ಅಂಕ ನೀವೇ ಇಟ್ಕೊಳ್ಳಿ. ನನಗೆ ಮೊದಲ ಸಾಲು ಬೇಕು, ಕೊನೆಯ ಸಾಲೂ ಬೇಕು."

"ಕಂಪನಿಯವರು ಜಗಳಕ್ಕೆ ಬಂದರೆ ನಿನ್ನ ಹೆಸರು ಹೇಳ್ತೀನಿ."

"ಹೇಳಿ. ಉದ್ದ ಹೆಸರು, ಪೂರ್ತಿ ಹೇಳಿ. ಅದನ್ನೂ ಕೆಳಗಿಂದ ಕತ್ತರಿಸಬೇಡಿ."

ಅಭಿಷೇಕ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದ. ಸಂಜೆ ಪುಟ ಜೋಡಿಸುವಾಗ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ನೋಡು, ನಾಲ್ಕು ಸಾಲು ಜಾಸ್ತಿ ಆಗ್ತಾ ಇದೆ. ಚಲೋ, ಫೋಟೋ ಚಿಕ್ಕದು ಮಾಡ್ತೀನಿ. ಇವತ್ತು ಓದಿ ಮಾಡ್ತಾ ಇದ್ದೀನಿ, ಹಾಂ?" ಎಂದ. ವೈಜಯಂತಿ ಕೊನೆಯ ಸಾಲು ಇದೆಯೇ ಎಂದಷ್ಟೇ ನೋಡಿಕೊಂಡಳು. ಅವನ ಮೇಲಿನ ಸಿಟ್ಟು ಇನ್ನೂ ಬಾಕಿಯಿತ್ತು.

ಸಂಚಿಕೆ ಬಂದ ದಿನವೇ ಹೊರಟಳು. "ನಾನೂ ಬರ್ತೀನಿ," ಎಂದು ಅಜ್ಜಿ ಹಟ ಹಿಡಿದಳು. ಗಂಟಿನ ಸೀರೆಯನ್ನೇ ಉಟ್ಟಿದ್ದಳು; ಮೂರು ಒಗೆತ ಕಂಡು ಗಂಟು ಅಡಿಕೆಯಷ್ಟು ಗಟ್ಟಿಯಾಗಿತ್ತು. ಆಟೋದವನು ಕ್ಯಾಂಟ್ ಅಂದರೆ ಗೇಟಿನಲ್ಲೇ ಇಳಿಸುತ್ತೇನೆ ಎಂದು ಜಗಳ ತೆಗೆದ. "ಭಯ್ಯಾ, ವಯಸ್ಸಾದೋರು ಇದ್ದಾರೆ, ಕಾಣಲ್ವಾ?" ಎಂದು ವೈಜಯಂತಿ ಹಿಂದಿಯಲ್ಲಿ ಏರಿಹೋದ ರೀತಿಗೆ ಅವನು ಮನೆಬಾಗಿಲ ತನಕ ಬಂದ.

ಮಾಚಯ್ಯನವರು ಬಾಗಿಲಲ್ಲೇ ನಿಂತಿದ್ದರು. ಎತ್ತರದ ಆಳು, ಬಿಳಿ ಮೀಸೆ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಅಜ್ಜಿಗೆ, "ಬನ್ನಿ ಅಮ್ಮ," ಎಂದರು. ಕೂತವರನ್ನು ಕ್ಷೇಮ ಕೇಳಲಿಲ್ಲ. ಎಡಗೈ ಚಾಚಿದರು. "ತಂದಿದ್ದೀರಾ?"

ವೈಜಯಂತಿ ಎಂಬತ್ತನಾಲ್ಕನೆಯ ಪುಟ ತೆರೆದು ಕೊಟ್ಟಳು.

ಅವರು ನಿಂತೇ ಓದಿದರು. ಮೊದಲ ಸಾಲನ್ನು ಇಂಗ್ಲಿಷಿನಲ್ಲಿ ಜೋರಾಗಿ ಓದಿ, ನಿಲ್ಲಿಸಿ, ಇನ್ನೊಮ್ಮೆ ಓದಿದರು. ಆಮೇಲೆ ತುಟಿ ಮಾತ್ರ ಆಡಿಸುತ್ತ ಒಂದೊಂದು ಪ್ಯಾರಾ ಇಳಿದರು. ಪುಟ ಮಗುಚಿದರು. ಅಡಿಗೆಮನೆಯಿಂದ ಕಾಫಿ ಹಿಡಿದು ಬಂದ ಮೋನಿಷಾ ತಂದೆಯ ಮುಖ ನೋಡಿ ಬಾಗಿಲಲ್ಲೇ ನಿಂತಳು. ಕೊನೆಯ ಸಾಲಿಗೆ ಬಂದಾಗ ಮಾಚಯ್ಯನವರ ಧ್ವನಿ ಮತ್ತೆ ಎದ್ದಿತು. ಅಜ್ಜಿಗೂ ತಿಳಿಯಲೆಂದು ಈ ಸಲ ಕನ್ನಡದಲ್ಲಿ ಹೇಳಿದರು: "'ಆರು ಬಾಗಿಲು ತೆಗೆದದ್ದು ನಿಮ್ಮ ಕೈ. ಏಳನೆಯದನ್ನು ಕಟ್ಟದೆ ಬಿಟ್ಟದ್ದು ಅವರ ಕೈ.'"

ಮೋನಿಷಾ ಒಳಗೆ ಬಂದು ಕಾಫಿ ಲೋಟಗಳನ್ನು ಮೇಜಿನ ಮೇಲಿಟ್ಟಳು.

"ಹನ್ನೊಂದು ಸಲ!" ಎಂದು ಗುಡುಗಿದರು ಸುಬೇದಾರ್ ಮಾಚಯ್ಯ. "ನನ್ನನ್ನ ಹನ್ನೊಂದು ಸಲ ಆ ಬಾವಿಗೆ ಇಳಿಸಿದ್ದಾರೆ, ಬದ್ಮಾಶರು! ನಾನು ಇಲ್ಲಿ ನನ್ನ ಕೈಗೆ ಶಾಪ ಹಾಕ್ತಾ ಕೂತಿದ್ದೆ!" ಮೇಜನ್ನು ಗುದ್ದಿದರು. ಲೋಟಗಳು ಎಗರಿ ಕಾಫಿ ಚೆಲ್ಲಿತು.

"ಪಪ್ಪಾ," ಎಂದಳು ಮೋನಿಷಾ, "ಗುದ್ದಿದ್ದು ಯಾವ ಕೈಯಲ್ಲಿ ನೋಡ್ಕೊಳ್ಳಿ."

ಅವರು ನೋಡಿಕೊಂಡರು. ಸೊಟ್ಟ ಬೆರಳುಗಳು ಮುಷ್ಟಿಯೊಳಗೆ ಪೂರ್ತಿ ಮಡಚಿರಲಿಲ್ಲ, ಮುಕ್ಕಾಲು ಮಡಚಿದ್ದವು. ಆ ಮುಷ್ಟಿಯನ್ನು ಬಿಚ್ಚದೆಯೇ ಮಗಳಿಗೆ ಹೇಳಿದರು: "ನಾಳೆ ಬೆಳಿಗ್ಗೆ ಆರಕ್ಕೇ ಎಬ್ಬಿಸು. ವ್ಯಾಯಾಮ ಆದ ಮೇಲೆ ಗುರ್‌ಗಾಂವ್‌ಗೆ ಒಂದು ಪತ್ರ ಬರೀಬೇಕು. ಈ ಕೈಯಲ್ಲೇ ಬರೀತೇನೆ."

ಅಜ್ಜಿ ಮುಂದಕ್ಕೆ ಬಾಗಿ, "ಅಲ್ಲಪ್ಪ, ಹಾಗಾದ್ರೆ ಆ ರಾಣಿಯ ಗತಿ?" ಎಂದಳು.

"ಅಲ್ಲಿ ರಾಣಿಯೇ ಇಲ್ಲ ಅಮ್ಮ," ಎಂದರು ಮಾಚಯ್ಯ. ಪುಟದ ಮೇಲೆ ಬೆರಳಿಟ್ಟು ತೋರಿಸಿದರು. "ನೋಡಿ, ಅಚ್ಚಾಗಿದೆ."

"ಹೂಂ," ಎಂದಳು ಅಜ್ಜಿ. ಸೆರಗಿನ ತುದಿಯನ್ನು ಬಾಯಿಗೆ ತಂದುಕೊಂಡು, ಉಳಿದಿದ್ದ ಎರಡು ಹಲ್ಲುಗಳಲ್ಲಿ ಕಚ್ಚಿ ಎಳೆದು, ಗಂಟನ್ನು ಬಿಚ್ಚಿದಳು.